ಆರು ಕಾರ್ಡಿನ ಮೈನಿಂಗ್ ರಿಗ್: ಹ್ಯಾಶ್‌ರೇಟ್‌ಗಿಂತ ಮೊದಲು ಮೀಟರ್ ನೋಡಿ

ತುಮಕೂರಿನ ಸದಾಶಿವನಗರದಲ್ಲಿ ರೂಮ್ ಮಾಡಿಕೊಂಡು ಓದುತ್ತಿರುವ ಪರಿಚಯದ ಹುಡುಗನೊಬ್ಬ ಮೊನ್ನೆ ಸಿಕ್ಕಿದ್ದ. ಊರು ಗುಬ್ಬಿ ಕಡೆ. ಕೊಬ್ಬರಿ ಮಾರಿದ ದುಡ್ಡಲ್ಲಿ ಒಂದಷ್ಟು ಕೊಡ್ತೀನಿ ಅಂತ ಅವರಪ್ಪ ಹೇಳಿದ್ದಾರಂತೆ. ‘ಅಣ್ಣಾ, ಸೆಕೆಂಡ್‌ಹ್ಯಾಂಡ್‌ನಲ್ಲಿ ಆರು ಗ್ರಾಫಿಕ್ಸ್ ಕಾರ್ಡ್ ತಗೊಂಡು ಕ್ರಿಪ್ಟೊ ಮೈನಿಂಗ್ ಮಾಡೋಣ ಅಂತಿದೀನಿ. ಯಾವ ಕಾರ್ಡ್ ತಗೊಳ್ಲಿ?’ ಅಂದ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ವಿವರವಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳೋದು ಹ್ಯಾಶ್‌ರೇಟ್, ಅಂದರೆ ಕಾರ್ಡ್ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತೆ ಅಂತ. ಕೇಳಬೇಕಾದ್ದು ಒಂದು ವ್ಯಾಟ್‌ಗೆ ಎಷ್ಟು ಮಾಡುತ್ತೆ ಅಂತ. ಇಥೀರಿಯಂ ಕಾಲದ ಉದಾಹರಣೆ ತಗೊಳ್ಳಿ. 8 ಜಿಬಿಯ ಆರ್‌ಎಕ್ಸ್ 580 ಸುಮಾರು 30 ಮೆಗಾಹ್ಯಾಶ್ ಕೊಡುತ್ತಿತ್ತು, 100 ವ್ಯಾಟ್‌ಗೂ ಹೆಚ್ಚು ಕುಡಿಯುತ್ತಿತ್ತು. ಜಿಟಿಎಕ್ಸ್ 1660 ಸೂಪರ್ ಅಷ್ಟೇ ಕೆಲಸವನ್ನು 80 ವ್ಯಾಟ್ ಆಸುಪಾಸಿನಲ್ಲಿ ಮುಗಿಸುತ್ತಿತ್ತು. ಆರ್‌ಟಿಎಕ್ಸ್ 3060 ಟಿಐ 130 ವ್ಯಾಟ್‌ನಲ್ಲಿ ಹತ್ತಿರಹತ್ತಿರ 60 ಮೆಗಾಹ್ಯಾಶ್. ಆ ಕಾರ್ಡಿನ ಕಂಪನಿ ಮಿತಿ 200 ವ್ಯಾಟ್. ಇಥೀರಿಯಂನ ಲೆಕ್ಕಕ್ಕೆ ಮೆಮೊರಿ ವೇಗ ಮುಖ್ಯವಾಗಿದ್ದರಿಂದ, ಮೆಮೊರಿ ಕ್ಲಾಕ್ ಏರಿಸಿ ಪವರ್ ಲಿಮಿಟ್ ಇಳಿಸಿದರೆ 130ಕ್ಕೆ ಬರುತ್ತಿತ್ತು.

ಎರಡನೇದು ಮೆಮೊರಿ. ಮೈನಿಂಗ್‌ಗೆ ಬೇಕಾದ ಡೇಟಾ ಫೈಲ್ ಬೆಳೆಯುತ್ತಾ ಹೋಗಿ, 2020ರ ಕೊನೆಯಲ್ಲಿ 4 ಜಿಬಿ ಕಾರ್ಡ್‌ಗಳೆಲ್ಲ ಇಥೀರಿಯಂ ಮಟ್ಟಿಗೆ ಕೆಲಸಕ್ಕೆ ಬಾರದಂತಾದವು. ಅಗ್ಗ ಅಂತ ಇವತ್ತೂ 4 ಜಿಬಿ ಕಾರ್ಡ್ ಮುಟ್ಟಬೇಡಿ.

ಆಮೇಲೆ 2022ರ ಸೆಪ್ಟೆಂಬರ್ 15 ಬಂತು. ಅಂದು ಇಥೀರಿಯಂ ಮೈನಿಂಗ್ ಪದ್ಧತಿಯನ್ನೇ ಕೈಬಿಟ್ಟಿತು. ಬಿಟ್‌ಕಾಯಿನ್‌ಗೆ ಅದಕ್ಕೆಂದೇ ಮಾಡಿದ ಏಸಿಕ್ ಯಂತ್ರ ಬೇಕು, ಗ್ರಾಫಿಕ್ಸ್ ಕಾರ್ಡ್ ಅಲ್ಲಿ ಲೆಕ್ಕಕ್ಕಿಲ್ಲ. ಉಳಿದಿದ್ದು ರೇವನ್‌ಕಾಯಿನ್, ಎರ್ಗೊ, ಇಥೀರಿಯಂ ಕ್ಲಾಸಿಕ್ ಥರದ ಸಣ್ಣ ನಾಣ್ಯಗಳು. ಯೂಟ್ಯೂಬ್‌ನಲ್ಲಿ ಈಗಲೂ ಓಡುತ್ತಿರುವ ಎಷ್ಟೋ ವಿಡಿಯೊಗಳ ಲಾಭದ ಲೆಕ್ಕ ಆ ದಿನಕ್ಕಿಂತ ಹಿಂದಿನದು. ದಿನಾಂಕ ನೋಡ್ಕೊಳ್ಳಿ.

ಈಗ ಮೀಟರ್. 130 ವ್ಯಾಟ್‌ನ ಆರು ಕಾರ್ಡ್, ಮದರ್‌ಬೋರ್ಡ್, ಫ್ಯಾನು, ಪವರ್ ಸಪ್ಲೈನಲ್ಲಿ ಆಗುವ ನಷ್ಟ ಎಲ್ಲ ಸೇರಿ ಗೋಡೆಯ ಸಾಕೆಟ್‌ನಿಂದ 950 ವ್ಯಾಟ್ ಅಂತಿಟ್ಟುಕೊಳ್ಳಿ. ದಿನಕ್ಕೆ 22.8 ಯೂನಿಟ್, ತಿಂಗಳಿಗೆ 684. ಬೆಸ್ಕಾಂನ 2025-26ರ ಗೃಹಬಳಕೆ ದರ ಯೂನಿಟ್‌ಗೆ 5.80 ರೂ., ಪಿಂಚಣಿ ಸರ್‌ಚಾರ್ಜ್ 36 ಪೈಸೆ. ಅಲ್ಲಿಗೆ 4,200 ರೂ. ದಾಟಿತು. ನಿಗದಿತ ಶುಲ್ಕ, ವಿದ್ಯುತ್ ತೆರಿಗೆ ಬೇರೆ. ಗೃಹಜ್ಯೋತಿ ಇದೆಯಲ್ಲ ಅನ್ನಬೇಡಿ. ಅದರ ಗರಿಷ್ಠ ಮಿತಿ 200 ಯೂನಿಟ್, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈ ರಿಗ್ ಒಂಬತ್ತೇ ದಿನಕ್ಕೆ ದಾಟಿಸುತ್ತೆ.

‘ತೋಟದ ಪಂಪ್‌ಸೆಟ್ ಲೈನಿಂದ ಎಳೆದ್ರೆ?’ ಅಂತ ಅವನು ಕೇಳಿಯೇಬಿಟ್ಟ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಸರ್ಕಾರ ಉಚಿತ ವಿದ್ಯುತ್ ಕೊಡೋದು ನೀರೆತ್ತಲಿಕ್ಕೆ. ಬೇರೆ ಉದ್ದೇಶಕ್ಕೆ ಬಳಸಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಎರಡು ಪಟ್ಟು ದರ ಹಾಕುತ್ತಾರೆ. ಕಾನೂನು ಆಚೆಗಿಡಿ, ಅದೇ ಫೀಡರ್‌ನಲ್ಲಿ ಪಕ್ಕದ ರೈತನ ಮೋಟರ್ ಕೂಡ ಇರುತ್ತೆ.

ತೆರಿಗೆ ವಿಷಯದಲ್ಲಿ ನನಗೆ ಸಿಟ್ಟಿದೆ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30, ಸೆಸ್ ಸೇರಿ ಶೇ 31.2. ನಷ್ಟವನ್ನು ಯಾವುದಕ್ಕೂ ಹೊಂದಿಸುವಂತಿಲ್ಲ. ಮೈನಿಂಗ್‌ನ ಮೂಲಸೌಕರ್ಯ ವೆಚ್ಚವನ್ನು ಖರೀದಿ ವೆಚ್ಚ ಅಂತ ಪರಿಗಣಿಸೋದಿಲ್ಲ ಎಂದು ಹಣಕಾಸು ರಾಜ್ಯ ಸಚಿವ ಪಂಕಜ್ ಚೌಧರಿ ಅದೇ ಮಾರ್ಚ್‌ನಲ್ಲಿ ಲೋಕಸಭೆಗೆ ಹೇಳಿದರು. ಬೇಕರಿಯವರು ಓವನ್ನಿನ ಕರೆಂಟ್ ಬಿಲ್ಲನ್ನು ಖರ್ಚಿಗೆ ಬರೆದುಕೊಳ್ಳಬಹುದು, ಮೈನಿಂಗ್ ಮಾಡುವವನಿಗೆ ಅದಿಲ್ಲ. ನಿಷೇಧವೂ ಇಲ್ಲ, ಮಾನ್ಯತೆಯೂ ಇಲ್ಲ, ವಸೂಲಿ ಮಾತ್ರ ಇದೆ. ಹಾಗಾಗಿ 4,200 ರೂ. ಬಿಲ್ ಕಟ್ಟಲು ಸುಮಾರು 6,100 ರೂ. ಮೌಲ್ಯದ ನಾಣ್ಯ ಬೇಕು. ಒಂದು ಕಾರ್ಡ್ ದಿನಕ್ಕೆ 34 ರೂ. ದುಡಿಯಬೇಕು, ಅದೂ ಬರೀ ಕರೆಂಟಿಗೆ. ‘ವಾಟ್‌ಟುಮೈನ್’ ಕ್ಯಾಲ್ಕುಲೇಟರ್‌ನಲ್ಲಿ ನಿಮ್ಮ ಕಾರ್ಡ್ ಹಾಕಿ, ಇವತ್ತಿನ ಗಳಿಕೆಯನ್ನು ಈ 34ರ ಪಕ್ಕ ಇಟ್ಟು ನೋಡಿ.

(ಕ್ರಿಪ್ಟೊ ತುಮಕೂರಿಗೆ ಹೊಸದೇನಲ್ಲ ಬಿಡಿ. ಯುನೋಕಾಯಿನ್ ಕಂಪನಿಯ 60.6 ಬಿಟ್‌ಕಾಯಿನ್ ಕಳುವಾದ 2017ರ ಪ್ರಕರಣ ದಾಖಲಾಗಿದ್ದು ಇಲ್ಲಿನ ಹೊಸ ಬಡಾವಣೆ ಠಾಣೆಯಲ್ಲೇ.)

ಹಾಗಾದ್ರೆ ಯಾವ ಕಾರ್ಡ್? ನನ್ನ ಉತ್ತರ: ಆರು ಬೇಡ, ಒಂದು ಸಾಕು. 12 ಜಿಬಿಯ ಆರ್‌ಟಿಎಕ್ಸ್ 3060 ಒಳ್ಳೇದು. ಮೈನಿಂಗ್ ಕಲಿಯಬಹುದು, ಗಿಟ್ಟದಿದ್ದರೆ ಬ್ಲೆಂಡರ್‌ಗೋ ಸಣ್ಣ ಎಐ ಮಾಡೆಲ್ ಓಡಿಸಲಿಕ್ಕೋ ಆಗುತ್ತೆ. ಬೇಡ ಅನಿಸಿದ ದಿನ ಗೇಮ್ ಆಡೋರು ಕೊಳ್ತಾರೆ.

ಬೆಂಗಳೂರಿನ ಎಸ್.ಪಿ. ರೋಡಲ್ಲಿ ಹಳೇ ಕಾರ್ಡ್ ಕೊಳ್ಳೋದಾದರೆ ದುಡ್ಡು ಕೊಡುವ ಮೊದಲು ಅರ್ಧ ಗಂಟೆ ಫರ್‌ಮಾರ್ಕ್ ಓಡಿಸಿ, ಫ್ಯಾನ್ ಸದ್ದು ಕೇಳಿ. ಜಿಪಿಯು-ಝಡ್‌ನಲ್ಲಿ ಮೆಮೊರಿ ನಿಜವಾಗಿ ಎಷ್ಟಿದೆ ನೋಡಿ, ಸೀರಿಯಲ್ ನಂಬರ್ ಹಾಕಿ ವಾರಂಟಿ ಪರೀಕ್ಷಿಸಿ. ಇಷ್ಟಾದ ಮೇಲೂ ರಿಗ್ ಕಟ್ಟಿಯೇ ತೀರ್ತೀನಿ ಅನ್ನೋರು ರೈಸರ್‌ಗೆ ಸಾಟಾ ಕನೆಕ್ಟರ್‌ನಿಂದ ಪವರ್ ಕೊಡಬೇಡಿ. ಅದರ 12 ವೋಲ್ಟ್ ಲೈನ್ ತಾಳೋದು 54 ವ್ಯಾಟ್, ಕಾರ್ಡ್ ಆ ಸ್ಲಾಟ್‌ನಿಂದ 75ರವರೆಗೂ ಎಳೆಯಬಹುದು. ವೈರ್ ಕರಗೋದು ಸಾಮಾನ್ಯವಾಗಿ ಅಲ್ಲೇ.