ತಟ್ಟಿ ಮನೆ, ಬಂಗಲೆ ಮತ್ತು ಯಾರೂ ಕಾಣದ ಗೋಡೆ

ಮನೆ ಕಟ್ಟಿಸುವವರ ನಡುವೆ ಒಂದು ಚರ್ಚೆ ಯಾವಾಗಲೂ ಇದ್ದದ್ದೇ. ಚೆಂದ ಮುಖ್ಯವೋ, ಅನುಕೂಲ ಮುಖ್ಯವೋ? ಉರ್ದುವಿನಲ್ಲಿ ಇದಕ್ಕೆ ಒಂದು ಜೋಡಿ ಪದವಿದೆ: ಖೂಬ್‌ಸೂರತಿ ಮತ್ತು ಮಜಬೂತಿ. ಮೊದಲನೆಯದು ಮುಖದ ಮಾತು, 'ಸೂರತ್' ಎಂದರೆ ರೂಪ. ಎರಡನೆಯದು ಹಿಡಿತದ ಮಾತು. ಕನ್ನಡಿಗರಾದ ನಾವು 'ಮಜಬೂತು' ಎಂಬುದನ್ನು ಕಡ ತಂದು ನಮ್ಮದೇ ಮಾಡಿಕೊಂಡೆವು. ಮುಖದ ಮಾತಿಗೆ ನಮ್ಮ 'ಚೆಂದ'ವೇ ಸಾಕಾಯಿತು.

ಪುಸ್ತಕಗಳಲ್ಲಿ ಇದೊಂದು ಅಭಿರುಚಿಯ ಪ್ರಶ್ನೆ. ಕಟ್ಟಡವೆಂದ ಮೇಲೆ ಗಟ್ಟಿತನ, ಉಪಯೋಗ, ಚೆಲುವು ಮೂರೂ ಇರಬೇಕೆಂದು ರೋಮಿನ ವಿಟ್ರೂವಿಯಸ್ ಎರಡು ಸಾವಿರ ವರ್ಷಗಳ ಹಿಂದೆಯೇ ಬರೆದ. ಕಟ್ಟಡದ ಕೆಲಸವೇ ಅದರ ರೂಪವನ್ನು ನಿರ್ಧರಿಸುತ್ತದೆ ಎಂಬ ಮಾತನ್ನು ಅಮೆರಿಕದ ಲೂಯಿ ಸಲಿವನ್ 1896ರಲ್ಲಿ ಆಡಿದ. ಅದೇ ವರ್ಷಗಳಲ್ಲಿ ನಮ್ಮ ಕೋಲಾರ ಜಿಲ್ಲೆಯ ಬರಡು ದಿಣ್ಣೆಗಳ ಮೇಲೆ ಒಂದು ಊರು ಏಳುತ್ತಿತ್ತು. ಅಲ್ಲಿ ಈ ಪ್ರಶ್ನೆಯನ್ನು ಯಾರೂ ಪುಸ್ತಕ ನೋಡಿ ಬಗೆಹರಿಸಲಿಲ್ಲ. ಕಟ್ಟುವ ಸೂರಿನ ಕೆಳಗೆ ಮಲಗುವವರು ಯಾರು ಎಂಬುದರ ಮೇಲೆ ಅದು ತೀರ್ಮಾನವಾಯಿತು.

ಕೆಜಿಎಫ್ ಪೂರ್ತಿಯಾಗಿ ಉಪಯೋಗಕ್ಕೆಂದೇ ಹುಟ್ಟಿದ ಊರು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಗಳ ಆಡಳಿತಕ್ಕೆ ಕೈಹಾಕಿದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳು ಒಂದರ ಪಕ್ಕ ಒಂದು ಬೆಳೆದವು. ಷಾಫ್ಟ್ ಎಲ್ಲಿ ಇಳಿಯಬೇಕೋ ಅಲ್ಲಿ ಷಾಫ್ಟ್, ಅದರ ಪಕ್ಕ ಕಲ್ಲು ಅರೆಯುವ ಗಿರಣಿ, ಗಿರಣಿಗೆ ದಾರಿ, ದಾರಿಗೆ ರೈಲು. 1894ರಲ್ಲಿ ಬೌರಿಂಗ್‌ಪೇಟೆಯಿಂದ ಮಾರಿಕುಪ್ಪಂವರೆಗೆ ಹತ್ತು ಮೈಲಿಯ ರೈಲು ಹಾದಿ ಬಂತು. ಬೌರಿಂಗ್‌ಪೇಟೆ ಎಂದರೆ ಇಂದಿನ ಬಂಗಾರಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲ್ಯೂಯಿನ್ ಬೌರಿಂಗ್‌ನ ಹೆಸರು ಅದಕ್ಕೆ ಅಂಟಿತ್ತು. ಜನರ ನಾಲಗೆ ಬೌರಿಂಗ್ ಸಾಹೇಬನನ್ನು ಬಂಗಾರವಾಗಿ ತಿರುಗಿಸಿತು. ಬಂಗಾರವನ್ನು ಸಾಗಿಸಿದ್ದೇ ಹೊರತು ಅಗೆದ ಊರಲ್ಲ ಅದು. ಆದರೂ ಹೆಸರಿನ ಮಟ್ಟಿಗೆ ಚೆಂದವೇ ಗೆದ್ದಿತು ಎನ್ನೋಣ.

1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂತು. ಸುಮಾರು 147 ಕಿಲೋಮೀಟರ್ ಉದ್ದದ ತಂತಿ, ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲೊಂದು. ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹತ್ತಿದ್ದು 1905ರಲ್ಲಿ. ಅಂದರೆ ರಾಜಧಾನಿಯಂಥ ಊರಿಗಿಂತ ಮೂರು ವರ್ಷ ಮೊದಲೇ ಗಣಿಯ ಯಂತ್ರಗಳಿಗೆ ಬೆಳಕು ಮತ್ತು ಬಲ ಸಿಕ್ಕಿತ್ತು. ನೀರು ಬೇತಮಂಗಲದ ಕೆರೆಯಿಂದ ಬಂತು. ಪಾಲಾರ್ ನದಿಗೆ ಅಡ್ಡವಾಗಿ ಕಟ್ಟಿದ ಆ ಕೆರೆ ಗಣಿಗಳಿಗಿಂತ ನೂರಾರು ವರ್ಷ ಹಳೆಯದು. ಆ ಊರಿನ ಹಳೆಯ ಹೆಸರು ವಿಜಯಾದಿತ್ಯಮಂಗಲ. ಕೆರೆ ಕಟ್ಟಿದವರು ಚೆಂದ ಮತ್ತು ಉಪಯೋಗ ಎಂದು ಎರಡು ಲೆಕ್ಕ ಇಟ್ಟಿರಲಾರರು. ನೀರಿನ ಒತ್ತಡಕ್ಕೆ ತಕ್ಕಂತೆ ಏರಿ ಬಳುಕಿತು, ತೂಬು ಇರಬೇಕಾದ ಕಡೆ ತೂಬು, ಕೋಡಿ ಬೀಳಬೇಕಾದ ಕಡೆ ಕೋಡಿ. ಕೋಲಾರ ಸೀಮೆಯ ಕೆರೆಗಳು ತುಂಬಿದಾಗ ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಹೀಗೆ ಪ್ರತಿಯೊಂದರಲ್ಲೂ ಉಪಯೋಗವನ್ನೇ ಅಳೆದು ತೂಗಿದ ಕಂಪನಿಯ ಇಂಜಿನಿಯರುಗಳು ತಮ್ಮ ಸ್ವಂತ ಮನೆಗಳ ವಿಷಯಕ್ಕೆ ಬಂದಾಗ ಏನು ಮಾಡಿದರು? ಊರಿಗಾಂ ಮತ್ತು ಚಾಂಪಿಯನ್ ರೀಫ್ ಕಡೆಯ ಬಂಗಲೆಗಳನ್ನು ನೋಡಬೇಕು. ಇಳಿಜಾರು ಹೆಂಚಿನ ಮಾಡು, ಎತ್ತರದ ಒಳಮಾಳಿಗೆ, ಅಗಲವಾದ ಜಗಲಿ, ಮರದ ಪಟ್ಟಿಗಳ ಕುಸುರಿ, ಮುಂದೆ ಹೂದೋಟ. ಕೋಲಾರದ ಹವೆಯಲ್ಲಿ ಅಷ್ಟೇನೂ ಅಗತ್ಯವಿಲ್ಲದ ಬೆಂಕಿಗೂಡು ಸಹ. ಆಡಲು ಗಾಲ್ಫ್ ಮೈದಾನ, ಕೂರಲು ಕ್ಲಬ್ಬು. ಈ ಊರನ್ನು 'ಪುಟ್ಟ ಇಂಗ್ಲೆಂಡ್' ಎಂದು ಕರೆದದ್ದು ಇದೇ ಕಾರಣಕ್ಕೆ. ಆ ಬಂಗಲೆಗಳನ್ನು ನಾವು ಹಳಿಯುವುದಿಲ್ಲ. ಜಗಲಿಯ ನೆರಳು ಗೋಡೆಗೆ ಬಿಸಿಲು ತಾಗಲು ಬಿಡುವುದಿಲ್ಲ, ಎತ್ತರದ ಮಾಡು ಬಿಸಿಗಾಳಿಯನ್ನು ಮೇಲಕ್ಕೆ ಎಳೆಯುತ್ತದೆ. ಚೆಂದವೂ ಅನುಕೂಲವೂ ಒಂದೇ ಸೂರಿನಡಿ ಹೇಗೆ ಇರಬಲ್ಲವೆಂದು ಕಂಪನಿಗೆ ಚೆನ್ನಾಗಿಯೇ ಗೊತ್ತಿತ್ತು ಎಂಬುದಕ್ಕೆ ಅವು ಸಾಕ್ಷಿ.

ಅದು ಗೊತ್ತಿದ್ದೂ ಕಂಪನಿ ಕಾರ್ಮಿಕರಿಗೆ ಕೊಟ್ಟದ್ದು ತಟ್ಟಿ ಮನೆ.

ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಯಿಂದ ಬಂದ ತಮಿಳು, ತೆಲುಗು ಮಾತಾಡುವ ಜನ, ಅವರಲ್ಲಿ ಬಹುಪಾಲು ದಲಿತರು. ಏರುಕಾಲದಲ್ಲಿ ಗಣಿಗಳಲ್ಲಿ ದುಡಿದವರು 30 ಸಾವಿರದಷ್ಟು. ಅವರಿಗೆ ಬಿದಿರು ಸೀಳಿ ಹೆಣೆದ ತಟ್ಟಿಯೇ ಗೋಡೆ, ತಟ್ಟಿಯೇ ಬಾಗಿಲು. ಒಂದೇ ಕೋಣೆ. ಅದರಲ್ಲೇ ಒಲೆ, ಅದರಲ್ಲೇ ಹಾಸಿಗೆ, ಅದರಲ್ಲೇ ಬಾಣಂತನ. ಒಂದು ಪಾಳಿಯವನು ಗಣಿಯಿಂದ ಬಂದು ಹಗಲಲ್ಲಿ ಮಲಗಬೇಕಾದರೆ ಹೆಂಡತಿ ಮಕ್ಕಳು ಹೊರಗೆ. ಪಕ್ಕದ ಮನೆಯ ಕೆಮ್ಮು ಈ ಮನೆಯಲ್ಲಿ ಕೇಳುತ್ತದೆ, ಈ ಮನೆಯ ಜಗಳ ಸಾಲಿಗೆಲ್ಲ ಗೊತ್ತು. ಮಳೆಗಾಲದಲ್ಲಿ ಏನು, ಬೆಂಕಿಯ ಕಿಡಿ ಬಿದ್ದರೆ ಏನು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದನ್ನು ಸಮರ್ಥಿಸಲು ಬೇಕಾದ ಪದ 'ಪ್ರಾಯೋಗಿಕತೆ'. ತಟ್ಟಿ ಅಗ್ಗ, ಬೇಗ ಎಬ್ಬಿಸಬಹುದು, ಬೇಗ ಕೀಳಬಹುದು. ನೆಲ ಗುತ್ತಿಗೆಯದು. ಕೂಲಿಗಳು ಸುಗ್ಗಿಗೆ, ಹಬ್ಬಕ್ಕೆ ಊರಿಗೆ ಹೋಗಿಬಿಡುವವರು, ಅವರಿಗೇಕೆ ಇಟ್ಟಿಗೆ ಗೋಡೆ? ಲೆಕ್ಕ ಸರಿಯಾಗಿಯೇ ಇದೆ. ಆದರೆ ಅದು ಕಂಪನಿಯ ಲೆಕ್ಕ. ಒಳಗೆ ಮಲಗಿದವನನ್ನು ಕೇಳಿದ್ದರೆ ಪ್ರಾಯೋಗಿಕವಾದದ್ದು ಯಾವುದು ಎಂಬ ಪಟ್ಟಿ ಬೇರೆಯೇ ಆಗುತ್ತಿತ್ತು. ಅದರಲ್ಲಿ ಒಂದು ಕಿಟಕಿ, ಮರೆಯಾಗಿ ಸ್ನಾನ ಮಾಡಲು ಒಂದು ಮೂಲೆ, ಹೊಗೆ ಹೋಗಲು ಒಂದು ಕಂಡಿ ಇರುತ್ತಿದ್ದವು. ಇವು ಚೆಂದದ ಬಾಬತ್ತೋ, ಉಪಯೋಗದ ಬಾಬತ್ತೋ? ಈ ಎರಡರ ನಡುವಿನ ಗೆರೆ ಎಷ್ಟು ತೆಳುವೆಂದು ಬಡವನ ಮನೆಯಲ್ಲಿ ತಿಳಿದಷ್ಟು ಸಿರಿವಂತನ ಮನೆಯಲ್ಲಿ ತಿಳಿಯುವುದಿಲ್ಲ.

ಈ 'ತಟ್ಟಿ' ಎಂಬ ಪದದ ಬಗ್ಗೆ ಉರ್ದು ಓದಿದ ನಮಗೆ ಇನ್ನೊಂದು ಮಾತು ಹೇಳದೆ ಇರಲಾಗುವುದಿಲ್ಲ. ಉರ್ದುವಿನಲ್ಲಿ 'ಖಸ್ ಕಿ ಟಟ್ಟಿ' ಎಂದರೆ ಲಾವಂಚದ ಬೇರಿನಿಂದ ಹೆಣೆದ ಪರದೆ. ಬೇಸಿಗೆಯಲ್ಲಿ ನವಾಬರೂ ಸಾಹೇಬರೂ ಅದನ್ನು ಬಾಗಿಲಿಗೆ ತೂಗುಹಾಕಿ, ಆಳುಗಳಿಂದ ನೀರು ಚಿಮುಕಿಸುತ್ತಿದ್ದರು. ಗಾಳಿ ತಂಪಾಗಿ, ಪರಿಮಳವಾಗಿ ಒಳಗೆ ಬರುತ್ತಿತ್ತು. ಚೆಂದ ಮತ್ತು ಉಪಯೋಗ ಕೂಡಿದ ವಸ್ತುವಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ಅದೇ ಪದ ಆಡುಮಾತಿನಲ್ಲಿ ಮರೆಕಟ್ಟಿದ ಪಾಯಿಖಾನೆಗೂ ಬಂತು. ಸಾಹೇಬನ ಜಗಲಿಯಲ್ಲಿ ಪರದೆಯಾಗಿದ್ದದ್ದು ಕೂಲಿಯವನ ಪಾಲಿಗೆ ಮನೆಯೇ ಆಯಿತು.

1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗು ಬಂತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆ, ಚೌಕ ನಿವೇಶನಗಳೊಂದಿಗೆ ಬೆಳೆದದ್ದು ಆ ಭಯದ ಕಾಲದಲ್ಲಿ. ಕೆಜಿಎಫ್‌ನಲ್ಲಿ ಅದೇ ಬಗೆಯಲ್ಲಿ ರೇಖೆ ಎಳೆದಂತೆ ಬೀದಿಗಳಿರುವ ರಾಬರ್ಟ್‌ಸನ್‌ಪೇಟೆ ಬಂತು. ಹೆಸರು ಮೈಸೂರಿನ ರೆಸಿಡೆಂಟ್ ಆಗಿದ್ದ ಡೊನಾಲ್ಡ್ ರಾಬರ್ಟ್‌ಸನ್‌ನದು. ವ್ಯಾಪಾರಿಗಳು ಅಲ್ಲಿ ಅಂಗಡಿ ಇಟ್ಟರು, ಮನೆ ಕಟ್ಟಿದರು. ಗಣಿ ಕಾರ್ಮಿಕರ ತಟ್ಟಿಯ ಸಾಲುಗಳು ಮಾತ್ರ ಮತ್ತೂ ದಶಕಗಟ್ಟಲೆ ಉಳಿದವು. ಇಟ್ಟಿಗೆಯ ಲೈನ್ ಮನೆಗಳು ನಿಧಾನವಾಗಿ, ಕೇಳಿ ಕೇಳಿ ಬಂದವು.

ಇಷ್ಟು ಹೇಳಿದ ಮೇಲೆ, ಕೆಜಿಎಫ್‌ನ ಅತ್ಯುತ್ತಮ ಕಟ್ಟಡ ಯಾವುದೆಂದು ಯಾರಾದರೂ ಕೇಳಿದರೆ ನಮ್ಮ ಉತ್ತರ ಬಂಗಲೆಯಲ್ಲ, ಚರ್ಚಲ್ಲ, ಕ್ಲಬ್ಬೂ ಅಲ್ಲ. ಅದು ನೆಲದಡಿಯ ಗೋಡೆ.

ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಹೋಯಿತು. ಅಲ್ಲಿ ಬಂಡೆಯ ಶಾಖವೇ 65 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಅದಿರು ತೆಗೆದ ಜಾಗ ಟೊಳ್ಳು; ಮೇಲಿನ ಬಂಡೆಯ ಭಾರವೆಲ್ಲ ಅದರ ಮೇಲೆ. ಒತ್ತಡ ತಡೆಯದೆ ಬಂಡೆ ಸಿಡಿಯುತ್ತಿತ್ತು. ಗಣಿಯವರು ಅದನ್ನು 'ರಾಕ್ ಬರ್ಸ್ಟ್' ಎನ್ನುತ್ತಾರೆ. ಮೇಲೆ ಊರಿನಲ್ಲಿ ಪಾತ್ರೆಗಳು ಅಲುಗಿದರೆ ಹೆಂಗಸರು ಷಾಫ್ಟಿನ ಕಡೆಗೆ ಓಡುತ್ತಿದ್ದರು. ಮೊದಮೊದಲು ಟೊಳ್ಳಿಗೆ ಮರದ ಆಸರೆ ಕೊಟ್ಟರು. ಮರ ನುಗ್ಗಾಗುತ್ತಿತ್ತು, ಬೆಂಕಿಗೂ ಹೆದರಬೇಕಿತ್ತು. ಹಾಗಾಗಿ ಗ್ರಾನೈಟ್ ಕಲ್ಲನ್ನು ಕೆತ್ತಿ ಇಳಿಸಿ, ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿ ಗೋಡೆ ಎಬ್ಬಿಸಿದರು. ಅದಕ್ಕೂ ಮುಂದೆ ಕಾಂಕ್ರೀಟು ಬಂತು.

ಆ ಕಲ್ಲಿನ ಗೋಡೆಯನ್ನು ಯೋಚಿಸಿ ನೋಡಿ. ತಲೆಯ ದೀಪದ ಬೆಳಕು, ಮೈಯಿಂದ ಇಳಿಯುವ ಬೆವರು, ಕಾಲಡಿ ಇಳಿಜಾರು. ಅಲ್ಲಿ ನಿಂತು ಕಲ್ಲಿಗೆ ಕಲ್ಲು ಹೊಂದಿಸಬೇಕು. ಸಂದು ಉಳಿದರೆ ಭಾರ ಒಂದೇ ಕಡೆ ಬೀಳುತ್ತದೆ, ಕಲ್ಲು ಸೀಳುತ್ತದೆ, ಕೆಳಗಿದ್ದವನು ಉಳಿಯುವುದಿಲ್ಲ. ಬಂಗಲೆಯ ಮುಂಗೋಡೆಯಲ್ಲಿ ಕಲ್ಲು ಒಂದಿಷ್ಟು ಡೊಂಕಾದರೆ ನಷ್ಟವಾಗುವುದು ಕಣ್ಣಿಗೆ. ಇಲ್ಲಿ ನಷ್ಟ ಜೀವಕ್ಕೆ. ಯಾರೂ ನೋಡಲಾರದ, ಹೊಗಳಲಾರದ ಜಾಗದಲ್ಲಿ, ಮೇಲೆ ತಟ್ಟಿ ಮನೆಯಲ್ಲಿ ಮಲಗುವ ಜನರೇ ಅಚ್ಚುಕಟ್ಟಾದ ಕಲ್ಲುಕೆಲಸ ಮಾಡಿದರು. ಸಲಿವನ್ ಚಿಕಾಗೊದಲ್ಲಿ ಹೇಳಿದ್ದಕ್ಕೆ ಅದಕ್ಕಿಂತ ಕಟ್ಟುನಿಟ್ಟಾದ ಉದಾಹರಣೆ ನಮಗೆ ಗೊತ್ತಿಲ್ಲ. ಗಣಿ ಮುಚ್ಚಿ, ನೀರೆತ್ತುವ ಪಂಪು ನಿಂತ ಮೇಲೆ ಆ ಕೆಲಸವೆಲ್ಲ ಕತ್ತಲಲ್ಲಿ, ನೀರಿನಲ್ಲಿ ಮುಳುಗಿದೆ.

ಹಾಗಾದರೆ ಬಡವರಿಗೆ ಚೆಂದದ ಮನೆ ಕಟ್ಟಿಕೊಟ್ಟುಬಿಟ್ಟರೆ ಸರಿಹೋಗುತ್ತದೆಯೇ? ಅಷ್ಟು ಸುಲಭವೂ ಅಲ್ಲ. ಈಜಿಪ್ಟಿನ ಹಸನ್ ಫತ್ಹಿಯ ಕತೆ ಇಲ್ಲಿ ನೆನಪಾಗುತ್ತದೆ. 1940ರ ದಶಕದಲ್ಲಿ ಲಕ್ಸರ್ ಬಳಿಯ ಗೂರ್ನಾ ಹಳ್ಳಿಯನ್ನು ಸ್ಥಳಾಂತರಿಸಲು ಸರ್ಕಾರ ಅವರಿಗೆ ಹೊಸ ಹಳ್ಳಿ ಕಟ್ಟುವ ಕೆಲಸ ಕೊಟ್ಟಿತು. ಅವರು ಹಸಿ ಇಟ್ಟಿಗೆಯಲ್ಲಿ, ಮರವೇ ಬಳಸದೆ, ನೂಬಿಯಾದ ಮೇಸ್ತ್ರಿಗಳ ಹಳೆಯ ವಿಧಾನದಲ್ಲಿ ಕಮಾನು ಗುಮ್ಮಟಗಳ ಮನೆ ಕಟ್ಟಿದರು. ಅಗ್ಗ, ತಂಪು, ಮೇಲಾಗಿ ಬಹಳ ಸುಂದರ. ಇಂದಿಗೂ ಜಗತ್ತಿನ ವಾಸ್ತುಶಿಲ್ಪದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ. ಆದರೆ ಹಳ್ಳಿಯವರಲ್ಲಿ ಬಹುಪಾಲು ಜನ ಹೋಗಲು ಒಪ್ಪಲಿಲ್ಲ. ಅವರ ಹಳೆಯ ಹಳ್ಳಿ ಪ್ರಾಚೀನ ಗೋರಿಗಳ ಮೇಲಿತ್ತು, ಬದುಕೂ ಅದರ ಸುತ್ತಲೇ ಇತ್ತು. ಗುಮ್ಮಟವೆಂದರೆ ಅವರಿಗೆ ಮಜಾರಿನ ನೆನಪು; ಬದುಕಿರುವವರು ಮಜಾರಿನಲ್ಲಿ ಸಂಸಾರ ಹೂಡುವುದುಂಟೆ? ಜಾನ್ ಟೇಲರ್ ಕಂಪನಿಯನ್ನೂ ಫತ್ಹಿಯನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ತಪ್ಪಾಗುತ್ತದೆ, ಒಬ್ಬರದು ಲಾಭ, ಇನ್ನೊಬ್ಬರದು ಪ್ರೀತಿ. ಆದರೆ ನಿನಗೆ ಏನು ಬೇಕು ಎಂಬ ಪ್ರಶ್ನೆಗೆ ಉತ್ತರ ಎರಡೂ ಕಡೆ ಮೊದಲೇ ಬರೆದಾಗಿತ್ತು.

ಕೇಳದಿದ್ದರೂ ಜನ ತಮ್ಮ ಉತ್ತರ ತಾವೇ ಬರೆದುಕೊಳ್ಳುತ್ತಾರೆ. ಲೈನ್ ಮನೆಗಳ ನಡುವೆ ನಡೆದರೆ ಅದು ಕಾಣುತ್ತದೆ. ಕಂಪನಿ ಕಟ್ಟಿದ್ದು ಎಲ್ಲವೂ ಒಂದೇ ಅಳತೆ. ಆದರೆ ಒಂದು ಬಾಗಿಲು ನೀಲಿ, ಪಕ್ಕದ್ದು ಹಸಿರು. ಒಂದರ ಮುಂದೆ ರಂಗೋಲಿ, ಇನ್ನೊಂದರ ಮೇಲೆ ಡಿಸೆಂಬರಿನ ಕಾಗದದ ನಕ್ಷತ್ರ, ಮತ್ತೊಂದರ ಹಣೆಯ ಮೇಲೆ 786. ಎಣ್ಣೆಡಬ್ಬದಲ್ಲಿ ಒಂದು ಗಿಡ. ಹಿಂದೆ ತಗಡು ಹೊದಿಸಿ ಎಳೆದುಕೊಂಡ ಬಚ್ಚಲು. ಹೊಟ್ಟೆಗೆ ಬಟ್ಟೆಗೆ ಕಷ್ಟವಿದ್ದವರು ಬಣ್ಣಕ್ಕೇಕೆ ದುಡ್ಡು ಹಾಕುತ್ತಾರೆ ಎಂದು ಕೇಳುವವರಿದ್ದಾರೆ. ಅಂಥವರಿಗೆ ಹೇಳಬೇಕಾದ್ದು ಇಷ್ಟೇ: ಒಂದೇ ಅಚ್ಚಿನ ಸಾಲಿನಲ್ಲಿ ಮಗು ತನ್ನ ಮನೆಯನ್ನು ಗುರುತು ಹಿಡಿಯುವುದು ಬಾಗಿಲಿನ ಬಣ್ಣದಿಂದ.

1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ, ಆಮೇಲೆ ಕೇಂದ್ರದ ಕೈಗೆ ಬಂದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಅಲ್ಲಿಗೆ ಉಪಯೋಗಕ್ಕೆಂದೇ ಕಟ್ಟಿದ್ದೆಲ್ಲ ಒಂದೇ ದಿನದಲ್ಲಿ ನಿರುಪಯೋಗಿಯಾಯಿತು. ತುಕ್ಕು ಹಿಡಿದ ಷಾಫ್ಟಿನ ಗೋಪುರಗಳನ್ನು ಈಗ ಜನ ಫೋಟೋ ತೆಗೆಯುತ್ತಾರೆ. ಸೈನೈಡಿನಲ್ಲಿ ಚಿನ್ನ ತೆಗೆದು ಬಿಸಾಡಿದ ಪುಡಿಯ ಗುಡ್ಡಗಳು ಸಿನಿಮಾಕ್ಕೆ ಬಂದವು. 2018ರ 'ಕೆ.ಜಿ.ಎಫ್' ಚಿತ್ರದ ಚಿತ್ರೀಕರಣ ಈ ಗುಡ್ಡಗಳಲ್ಲೂ ನಡೆಯಿತು. ಹುಲ್ಲು ಬೆಳೆಯದ ಬೂದುಬಣ್ಣ, ಮಳೆ ಕೊರೆದ ಗೆರೆಗಳು, ಸಂಜೆಯ ಬೆಳಕಿನಲ್ಲಿ ನಿಜಕ್ಕೂ ಚೆಂದವೇ. ಗಾಳಿ ಎದ್ದಾಗ ಆ ಚೆಂದ ಪಕ್ಕದ ಮನೆಗಳ ಅನ್ನದ ತಟ್ಟೆಗೆ ಬಂದು ಕೂರುತ್ತದೆ, ಮಕ್ಕಳ ಎದೆಗೆ ಇಳಿಯುತ್ತದೆ.

2024ರಲ್ಲಿ ಈ ಗುಡ್ಡಗಳ ಪೈಕಿ ಹದಿಮೂರರಲ್ಲಿ ಉಳಿದ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸುಮಾರು 3.3 ಕೋಟಿ ಟನ್ ಪುಡಿ. ಒಂದು ಟನ್ನಿನಲ್ಲಿ ಎಷ್ಟು ಚಿನ್ನ ಸಿಕ್ಕೀತು ಎಂಬ ಲೆಕ್ಕ ಪತ್ರಿಕೆಗಳಲ್ಲಿ ಬಂದಿದೆ. ಗುಡ್ಡವನ್ನು ಅಗೆಯುವಾಗ ಏಳುವ ಧೂಳನ್ನು ತಡೆಯುವುದು ಹೇಗೆ, ಲೈನ್ ಮನೆಗಳ ಹಕ್ಕುಪತ್ರಕ್ಕಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ನಿಂತವರನ್ನು ಈ ಸಲವಾದರೂ ಕೂರಿಸಿ ಕೇಳುತ್ತಾರೆಯೇ ಎಂಬುದರ ಲೆಕ್ಕವನ್ನೂ ನಾವು ಕೇಳಬೇಕಾಗಿದೆ. ಅವರ ಮಕ್ಕಳು ಈಗ ನಸುಕಿನ ರೈಲು ಹತ್ತಿ, ಬಂಗಾರಪೇಟೆ ದಾಟಿ, ಬೆಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ರಾತ್ರಿ ಅದೇ ರೈಲಿನಲ್ಲಿ ಮಾರಿಕುಪ್ಪಂಗೆ ವಾಪಸು ಬಂದು ಆ ಬಣ್ಣದ ಬಾಗಿಲುಗಳನ್ನು ತಟ್ಟುತ್ತಾರೆ.