ಕೆಂಗೇರಿ ಹಳಿಯ ಕೆಳಗಿನ ಹಸಿವು

ಪೋಸ್ಟು ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋಗ್ತೀವಲ್ಲ, ಅಲ್ಲೇ ಹಳೇ ರೈಲ್ವೆ ಸ್ಟೇಷನ್ನೂ ಇದೆ. ಬೆಂಗಳೂರು–ಮೈಸೂರು ಲೈನು, 1881-82ರಲ್ಲಿ ಓಡಾಟಕ್ಕೆ ತೆರೆದಿದ್ದು. ಯಾರು ಮಾಡಿದ್ದು ಅಂದ್ರೆ ಕೆಲವರು ಮಹಾರಾಜರು ಅಂತಾರೆ, ಕೆಲವರು ಬ್ರಿಟಿಷರು ಅಂತಾರೆ. ಮಣ್ಣು ಹೊತ್ತವರ ಹೆಸರು ಮಾತ್ರ ಯಾರ ಬಾಯಲ್ಲೂ ಬರಲ್ಲ.

ಈ ಲೈನಿನ ಕೆಲಸ ಶುರುವಾಗಿದ್ದು ಬರಪರಿಹಾರದ ಕಾಮಗಾರಿಯಾಗಿ. 1876-78ರ ಬರ ಅದು. ಧಾತು, ಈಶ್ವರ ಸಂವತ್ಸರಗಳ ಕಾಲ. ಆಗ ಮೈಸೂರನ್ನ ನೇರವಾಗಿ ಆಳ್ತಿದ್ದವರು ಬ್ರಿಟಿಷರು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಕಳೆದು 1881ರಲ್ಲಿ ಎಣಿಸಿದಾಗ 41,86,188. ಬೆಳೀಬೇಕಾದ ಜನಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಕುಸಿದಿತ್ತು.

ಮಳೆ ಕೈಕೊಟ್ಟಿದ್ದು ನಿಜ. ಆದ್ರೆ ಮಳೆಯೊಂದೇ ಜನರನ್ನ ಕೊಲ್ಲಲಿಲ್ಲ. ನಮ್ಮ ಸೀಮೆಯ ರಾಗಿ ಹುಳ ಹಿಡಿಯದೆ ವರ್ಷಗಟ್ಟಲೆ ಉಳಿಯೋ ಕಾಳು. ನೆಲದೊಳಗೆ ಹಗೇವು ತೋಡಿ, ರಾಗಿ ತುಂಬಿ, ಬಾಯಿ ಮುಚ್ಚಿಡ್ತಿದ್ರು. ಬರ ಬಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಹಗೇವು ಯಾರದ್ದು? ಉತ್ತು, ಬಿತ್ತು, ಕೊಯ್ದ ಹೊಲೆಯರು, ಮಾದಿಗರಲ್ಲಿ ಬಹುಪಾಲು ಜನರಿಗೆ ಸ್ವಂತ ಹೊಲವೇ ಇರಲಿಲ್ಲ. ಇನ್ನು ಹಗೇವು ಎಲ್ಲಿಂದ ಬರ್ಬೇಕು? ಕೂಲಿಗೆ ಬದಲು ಕಾಳು ಸಿಗ್ತಿತ್ತು. ಬೇಸಾಯ ನಿಂತ ದಿನವೇ ಕೂಲಿ ನಿಂತಿತು, ಕಾಳೂ ನಿಂತಿತು. ಬೆಲೆ ಏರಿದಾಗ ದಾಸ್ತಾನು ಇದ್ದವನಿಗೆ ಲಾಭ, ಇಲ್ಲದವನಿಗೆ ಸಾವು.

ಪಕ್ಕದ ಮದ್ರಾಸ್ ಪ್ರಾಂತ್ಯದಲ್ಲಿ 1877ರಲ್ಲಿ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರದ ಕೂಲಿಯನ್ನ ದಿನಕ್ಕೆ ಒಂದು ಪೌಂಡ್ ಧಾನ್ಯ, ಅಂದ್ರೆ ಸುಮಾರು 450 ಗ್ರಾಂ, ಮೇಲೊಂದಿಷ್ಟು ಪುಡಿಗಾಸಿಗೆ ಇಳಿಸಿದ. ಇಡೀ ದಿನ ಮಣ್ಣು ಹೊರೋ ಮೈಗೆ ಇಷ್ಟು! ಅದೇ ಹೊತ್ತಲ್ಲಿ ಈ ದೇಶದ ಗೋಧಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಿತ್ತು. ವೈಸರಾಯ್ ಲಿಟ್ಟನ್ನಿಗೆ ಮಾರುಕಟ್ಟೆಯಲ್ಲಿ ಸರ್ಕಾರ ಕೈ ಹಾಕಬಾರದು ಅನ್ನೋದೇ ಧರ್ಮ ಆಗಿತ್ತು.

ಅಮರ್ತ್ಯ ಸೇನ್ 1981ರಲ್ಲಿ ಪುಸ್ತಕ ಬರೆದು ಹೇಳಿದ್ದೂ ಇದನ್ನೇ: ಕಾಳು ಇಲ್ಲದಿರೋದು ಬೇರೆ, ಕಾಳಿನ ಮೇಲೆ ಹಕ್ಕು ಇಲ್ಲದಿರೋದು ಬೇರೆ. ನಮ್ಮ ಕೇರಿಗಳಿಗೆ ಇದು ಪುಸ್ತಕ ಬರೋದಕ್ಕೆ ಮುಂಚೆಯೇ ಹೊಟ್ಟೆಯಿಂದ ಗೊತ್ತಿತ್ತು.

ಇವತ್ತೂ ದೇಶದ ಅರ್ಧಕ್ಕಿಂತ ಹೆಚ್ಚು ರಾಗಿ ಬೆಳೆಯೋದು ಕರ್ನಾಟಕವೇ. ನಿನ್ನೆವರೆಗೂ 'ಬಡವರ ಊಟ' ಅಂತ ಮೂಗು ಮುರೀತಿದ್ದವರೇ ಈಗ ರಾಜಾಜಿನಗರದ ಮಾಲ್‌ನಲ್ಲಿ ರಾಗಿ ಬಿಸ್ಕತ್ತು ಕೊಳ್ತಾರೆ. ಕೊಳ್ಳಲಿ, ಬೇಜಾರಿಲ್ಲ. ಆದ್ರೆ ಪಡಿತರದ ಅಕ್ಕಿ, ರಾಗಿನ 'ಬಿಟ್ಟಿ ಭಾಗ್ಯ' ಅಂತ ಅಣಕಿಸಬೇಡಿ. ಅದು ಭಿಕ್ಷೆ ಅಲ್ಲ. ತಲೆಮಾರುಗಳಿಂದ ಬೆಳೆದು, ಹೊತ್ತು, ಹಸಿದು ಸತ್ತವರ ಮಕ್ಕಳಿಗೆ ಸಲ್ಲಬೇಕಾದ ಬಾಕಿ.

ಮುಂದಿನ ಸಲ ಮೈಸೂರು ರೈಲು ಕೆಂಗೇರಿ ದಾಟುವಾಗ ಒಂದು ಗಳಿಗೆ ಅವರನ್ನ ನೆನೀರಿ.

ಜೈ ಭೀಮ್.