ಎಚ್.ಡಿ. ವಿಡಿಯೊ ಯಾಕೆ ತಡೆದು ತಡೆದು ಓಡುತ್ತದೆ?

ಬೆಳಗಾವಿಯ ಶಹಾಪುರ ನೇಕಾರರ ಮತ್ತು ಸೀರೆ ಅಂಗಡಿಗಳ ಪೇಟೆ. ಇಲ್ಲಿಯ ಮನೆಗಳಿಗೆ ಮದುವೆಯ ವಿಡಿಯೊ ಮೊದಲು ಕ್ಯಾಸೆಟ್ಟಿನಲ್ಲಿ ಬರುತ್ತಿತ್ತು. ಆಮೇಲೆ ಸಿ.ಡಿ., ಡಿ.ವಿ.ಡಿ. ಬಂದವು, ಈಗ ಪೆನ್‌ಡ್ರೈವ್ ಬಂದಿದೆ. ಚಿತ್ರ ಸ್ಪಷ್ಟವಾಗುತ್ತ ಹೋಯಿತು, ಆದರೆ ಮನೆಯ ಕಂಪ್ಯೂಟರಿನಲ್ಲಿ ಅದು ತಡೆದು ತಡೆದು ಓಡುತ್ತದೆ ಎಂಬ ದೂರು ಹೋಗಲಿಲ್ಲ. ದೂರು ಹಳೆಯದೇ, ಅದರ ಕಾರಣ ಮಾತ್ರ ಕಾಲಕಾಲಕ್ಕೆ ಜಾಗ ಬದಲಿಸಿದೆ.

ಡಿಸ್ಕಿನ ಕಾಲ

1993ರಲ್ಲಿ ರೂಪುಗೊಂಡ ವಿಡಿಯೊ ಸಿ.ಡಿ.ಯ ಚಿತ್ರ ನಮ್ಮಲ್ಲಿ 352×288 ಚುಕ್ಕೆಗಳಷ್ಟಿತ್ತು. ಡಿ.ವಿ.ಡಿ. ಅದನ್ನು 720×576ಕ್ಕೆ ಏರಿಸಿತು. ಆಗ ಚಿತ್ರ ನಿಂತರೆ ಡಿಸ್ಕಿನ ಗೀರು ಅಥವಾ ಡ್ರೈವಿನ ಲೆನ್ಸಿನ ಮೇಲಿನ ದೂಳು ಕಾರಣವಾಗಿರುತ್ತಿತ್ತು. ಒರೆಸಿ ಹಾಕಿದರೆ ಬಹಳ ಸಲ ಕೆಲಸ ನಡೆಯುತ್ತಿತ್ತು.

ಕೋಡೆಕ್‌ಗಳ ಗೊಂದಲ

ಫೈಲುಗಳು ಡಿಸ್ಕನ್ನು ಬಿಟ್ಟು ಹಾರ್ಡ್‌ಡಿಸ್ಕಿಗೆ ಇಳಿದಾಗ ತೊಡಕು ಸಾಫ್ಟ್‌ವೇರಿಗೆ ಬಂತು. ಎ.ವಿ.ಐ., ಎಂ.ಕೆ.ವಿ., ಎಂ.ಪಿ.4 ಎಂಬವು ಬರೀ ಚೀಲಗಳು. ವಿಡಿಯೊವನ್ನು ಕುಗ್ಗಿಸಿ ಮತ್ತೆ ಬಿಡಿಸುವ ವಿಧಾನವೇ ಕೋಡೆಕ್. ಒಳಗಿನ ಸರಕನ್ನು ಯಾವ ಕೋಡೆಕ್‌ನಿಂದ ಕುಗ್ಗಿಸಿದ್ದಾರೆ ಎಂಬುದು ಹೊರಗಿನ ಹೆಸರಿನಿಂದ ತಿಳಿಯುವುದಿಲ್ಲ. ಧ್ವನಿ ಬಂದು ಚಿತ್ರ ಬಾರದಿದ್ದಾಗ ಜನ ಕೋಡೆಕ್ ಪ್ಯಾಕ್‌ಗಳನ್ನು ಒಂದರ ಮೇಲೊಂದು ಹಾಕಿದರು, ಅವು ಒಂದಕ್ಕೊಂದು ಅಡ್ಡ ಬಂದವು. ಪ್ಯಾರಿಸ್ಸಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು 1996ರಲ್ಲಿ ಶುರುಮಾಡಿದ ಯೋಜನೆಯಿಂದ ಬೆಳೆದ ವಿ.ಎಲ್.ಸಿ. 2001ರಲ್ಲಿ ಮುಕ್ತ ತಂತ್ರಾಂಶವಾಯಿತು. ಕೋಡೆಕ್‌ಗಳನ್ನು ತನ್ನೊಳಗೇ ಇಟ್ಟುಕೊಂಡಿದ್ದ ಈ ಪ್ಲೇಯರ್ ಆ ತಲೆನೋವನ್ನು ಬಹುಮಟ್ಟಿಗೆ ಇಳಿಸಿತು.

ಪ್ರೊಸೆಸರಿಗೆ ಬಿದ್ದ ಹೊರೆ

2003ರಲ್ಲಿ ಎಚ್.264 ಕೋಡೆಕ್ ಬಂತು, 2006ರಲ್ಲಿ ಬ್ಲೂ-ರೇ. 1920×1080ರ ಒಂದು ಚಿತ್ರದಲ್ಲಿ 20 ಲಕ್ಷಕ್ಕೂ ಹೆಚ್ಚು ಚುಕ್ಕೆಗಳಿವೆ, ಡಿ.ವಿ.ಡಿ.ಯ ಐದು ಪಟ್ಟು, ವಿಡಿಯೊ ಸಿ.ಡಿ.ಯ ಇಪ್ಪತ್ತು ಪಟ್ಟು. ಸೆಕೆಂಡಿಗೆ 25 ಚಿತ್ರಗಳಂತೆ ಇವನ್ನು ಬಿಡಿಸುವುದು ಪೆಂಟಿಯಮ್ 4 ಯಂತ್ರಗಳ ಶಕ್ತಿ ಮೀರಿದ ಕೆಲಸ. ಹಲವರು ರ‍್ಯಾಮ್ ಹೆಚ್ಚಿಸಿದರು, ಪ್ರಯೋಜನವಾಗಲಿಲ್ಲ. ಕೊರತೆ ಇದ್ದದ್ದು ನೆನಪಿನಲ್ಲಲ್ಲ, ಲೆಕ್ಕ ಮಾಡುವ ವೇಗದಲ್ಲಿ.

ಪರಿಹಾರ ಬಂದದ್ದು ಗ್ರಾಫಿಕ್ಸ್ ಚಿಪ್ಪಿನ ಕಡೆಯಿಂದ. ವಿಡಿಯೊ ಬಿಡಿಸಲೆಂದೇ ಅದರೊಳಗೆ ಪ್ರತ್ಯೇಕ ಭಾಗ ಸೇರಿತು. ಮೊದಲು ಎನ್‌ವಿಡಿಯಾ, ಎಟಿಐ ಕಾರ್ಡುಗಳಲ್ಲಿದ್ದ ಈ ಅನುಕೂಲ 2008ರ ಹೊತ್ತಿಗೆ ಇಂಟೆಲ್ ಮದರ್‌ಬೋರ್ಡುಗಳ ಗ್ರಾಫಿಕ್ಸಿಗೂ ಇಳಿಯಿತು. ಸರಿಯಾದ ಡ್ರೈವರ್ ಇದ್ದು ಪ್ಲೇಯರಿನಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಆನ್ ಆಗಿದ್ದರೆ ಸಾಧಾರಣ ಯಂತ್ರದಲ್ಲೂ ಎಚ್.ಡಿ. ಸಲೀಸಾಗಿ ಓಡತೊಡಗಿತು.

ನೆಟ್ಟಿನ ಸರದಿ

ಯೂಟ್ಯೂಬ್ 2009ರ ನವೆಂಬರಿನಲ್ಲಿ 1080 ಗುಣಮಟ್ಟ ತಂದಿತು. ಆಗಿನ ಫ್ಲ್ಯಾಶ್ ಪ್ಲೇಯರಿಗೆ ಗ್ರಾಫಿಕ್ಸ್ ಚಿಪ್ಪಿನ ನೆರವು ಸಿಕ್ಕಿದ್ದು 2010ರಲ್ಲಿ. ಫ್ಲ್ಯಾಶ್ ಯುಗ 2020ಕ್ಕೆ ಮುಗಿಯಿತು. 2013ರಲ್ಲಿ ಎಚ್.265 ಮತ್ತು ವಿ.ಪಿ.9, 2018ರಲ್ಲಿ ಎ.ವಿ.1 ಎಂಬ ಕೋಡೆಕ್‌ಗಳು ಬಂದವು. ಇವು ಕಡಿಮೆ ಡೇಟಾದಲ್ಲಿ ಅಷ್ಟೇ ಚೆಂದದ ಚಿತ್ರ ಕೊಡುತ್ತವೆ, ಆದರೆ ಬಿಡಿಸಲು ಹೆಚ್ಚು ಶ್ರಮ ಬೇಡುತ್ತವೆ. ಗ್ರಾಫಿಕ್ಸ್ ಚಿಪ್ಪಿನ ನೆರವು ಸಿಗಲು ಇಂಟೆಲ್ ಕೋರ್ ಸಾಲಿನಲ್ಲಿ ಎಚ್.265ಕ್ಕೆ ಆರನೇ ಪೀಳಿಗೆ, ಅದರ 10 ಬಿಟ್ ರೂಪಕ್ಕೆ ಏಳನೇ ಪೀಳಿಗೆ, ಎ.ವಿ.1ಕ್ಕೆ ಹನ್ನೊಂದನೇ ಪೀಳಿಗೆ ಬೇಕು. ಹಳೇ ಡ್ಯುಯಲ್ ಕೋರ್ ಮನೆಯಲ್ಲಿದ್ದು ಮದುವೆಯ ಫೋರ್‌ಕೆ ಫೈಲು ಅದರಲ್ಲಿ ನಿಂತು ನಿಂತು ಓಡಿದರೆ ತಪ್ಪು ಪೆನ್‌ಡ್ರೈವಿನದೇ ಆಗಿರಬೇಕಿಲ್ಲ.

ಈಗ ಹುಡುಕುವ ಕ್ರಮ

ಮೊದಲು ನೆಟ್ಟಿನ ತೊಂದರೆಯನ್ನೂ ಯಂತ್ರದ ತೊಂದರೆಯನ್ನೂ ಬೇರ್ಪಡಿಸಬೇಕು. ಪರದೆಯ ಮೇಲೆ ವೃತ್ತ ತಿರುಗುತ್ತಿದ್ದರೆ ಹೆಚ್ಚಾಗಿ ಅದು ನೆಟ್ಟಿನದು. ಖಾನಾಪುರದ ಕಾಡಂಚಿನ ಊರುಗಳಲ್ಲಿ ಸಿಗ್ನಲ್ ದುರ್ಬಲವಿದ್ದಾಗ ಗುಣಮಟ್ಟವನ್ನು 480ಕ್ಕೆ ಇಳಿಸುವುದೇ ದಾರಿ. ಧ್ವನಿ ಸರಾಗವಾಗಿದ್ದು ಚಿತ್ರ ಮಾತ್ರ ಜಿಗಿಯುತ್ತಿದ್ದರೆ ಯಂತ್ರಕ್ಕೆ ಬಿಡಿಸಲು ಆಗುತ್ತಿಲ್ಲ ಎಂದರ್ಥ. ಆಗ ವಿ.ಎಲ್.ಸಿ.ಯಲ್ಲಿ ಕಂಟ್ರೋಲ್ ಮತ್ತು ಜೆ ಒತ್ತಿದರೆ ಕೋಡೆಕ್ ಯಾವುದೆಂದು ತಿಳಿಯುತ್ತದೆ. ವಿಂಡೋಸ್ 10ರ ಟಾಸ್ಕ್ ಮ್ಯಾನೇಜರಿನಲ್ಲಿ ಜಿ.ಪಿ.ಯು. ಕೆಳಗಿನ ವಿಡಿಯೊ ಡಿಕೋಡ್ ಗೆರೆ ಏಳದೆ ಪ್ರೊಸೆಸರ್ ಮಾತ್ರ ನೂರಕ್ಕೆ ಮುಟ್ಟಿದ್ದರೆ ಹೊರೆ ತಪ್ಪು ಜಾಗದಲ್ಲಿದೆ.

ಫೈಲು ಪೆನ್‌ಡ್ರೈವಿಗೆ ಏರದಿದ್ದರೆ ಫ್ಯಾಟ್32 ಫಾರ್ಮ್ಯಾಟ್ ನೋಡಿ, 4 ಜಿ.ಬಿ. ತಲುಪಿದ ಒಂದೇ ಫೈಲನ್ನು ಅದು ಒಪ್ಪುವುದಿಲ್ಲ. ಹತ್ತು ನಿಮಿಷ ಚೆನ್ನಾಗಿ ಓಡಿ ಆಮೇಲೆ ತಡವರಿಸಿದರೆ ಶಾಖದ ಮೇಲೆ ಸಂಶಯವಿರಲಿ. ಮಗ್ಗವಿರುವ ಮನೆಯಲ್ಲಿ ನೂಲಿನ ದೂಳು ಪ್ರೊಸೆಸರ್ ಫ್ಯಾನಿಗೆ ಮೆತ್ತಿಕೊಳ್ಳಬಹುದು, ಬಿಸಿಯೇರಿದ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಇಷ್ಟಾದರೂ ಆಗದಿದ್ದರೆ ಹೊಸ ಯಂತ್ರವೇ ಬೇಕೆಂದಿಲ್ಲ. ವಿಡಿಯೊ ಮಾಡಿಕೊಟ್ಟವರನ್ನು ಎಚ್.264ರ 1080 ಪ್ರತಿಯೊಂದನ್ನು ಕೇಳಿ ಪಡೆಯಿರಿ. ಕಳೆದ ಹನ್ನೆರಡು–ಹದಿಮೂರು ವರ್ಷಗಳ ಯಾವ ಸಾಧಾರಣ ಕಂಪ್ಯೂಟರಿಗೂ ಅದು ಭಾರವಾಗದು.